ಸೊಂಟದ ಅಳತೆ

೪ ಜುಲೈ, ಶನಿವಾರ

ಪಾಠ ಮಾಡಲಿಕ್ಕೆ ಬಾಗಿಲು ಯಾಕೆ ಹಾಕಬೇಕು? ಬೆಳಗಿನಿಂದ ಇದೊಂದೇ ತಲೆ ಕೊರೆಯುತ್ತಿದೆ.

ಒಂಬತ್ತನೇ ಕ್ಲಾಸಿನ ಮಕ್ಕಳ ಯೂನಿಫಾರಂ ಅಳತೆ ತೆಗೆಯಲು ಶಾಲೆಗೆ ಹೋಗಿದ್ದೆ. ವರಾಂಡದಲ್ಲಿ ಟೇಪು ಹಿಡಿದು ನಿಂತಿದ್ದಾಗ, ಎದುರಿನ ಹತ್ತನೇ ಕ್ಲಾಸಿನ ಕೋಣೆಗೆ ಒಬ್ಬಳು ಹುಡುಗಿ ಸುರುಳಿ ಸುತ್ತಿದ ಚಾರ್ಟುಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಆರೋಗ್ಯ ಕೇಂದ್ರದ ನರ್ಸಂತೆ. ಇನ್ನು ಪ್ರತಿ ಶನಿವಾರ ಬರುತ್ತಾಳಂತೆ. ನೋಡಿದರೆ ಮದುವೆಯಾದ ಹಾಗೂ ಕಾಣಲಿಲ್ಲ. ಒಳಗೆ ಹೋದವಳೇ ಕದ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ಪಿಟ್ಟೆನ್ನದೆ ಕೂತರು. ನಕ್ಕದ್ದಕ್ಕಿಂತ ಸುಮ್ಮನೆ ಕೂತದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಹತ್ತನೇ ಕ್ಲಾಸಿನವರು ಸುಮ್ಮನೆ ಕೂರುವುದನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಗಂಟೆ ಹೊಡೆದ ಮೇಲೆ ಎಲ್ಲರೂ ಹೊರಗೆ ಬಂದರೂ ನನ್ನ ಮಗಳು ಬರಲಿಲ್ಲ. ಇಣುಕಿದರೆ ಆ ಚಾರ್ಟಮ್ಮನ ಮೇಜಿನ ಹತ್ತಿರ ನಿಂತು ಏನೋ ಪಿಸುಗುಡುತ್ತಿದ್ದಳು. ಪಕ್ಕದಲ್ಲಿ ಅವಳ ಜೀವದ ಗೆಳತಿ, ನಾವೆಲ್ಲ ಕಡ್ಡಿ ಎಂದೇ ಕರೆಯುವವಳು, ನೆಲ ನೋಡುತ್ತ.

ಮನೆಗೆ ಬಂದ ಮೇಲೆ ಕೇಳಿದೆ: "ಏನೇ ಪಾಠ ಮಾಡಿದ್ಲು ಅವಳು?"

"ಏನೂ ಇಲ್ಲ ಬಿಡಮ್ಮ."

"ಏನೂ ಇಲ್ಲದ್ದಕ್ಕೆ ಬಾಗಿಲು ಹಾಕ್ತಾರಾ?"

"ಕೂಗಾಡ್ಬೇಡ, ಅಪ್ಪ ಮಲಗಿದಾರೆ."

ಇವರು ಪ್ರೆಸ್ಸಿನ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದರು. ಅದಕ್ಕೆ ಬಾಯಿ ಮುಚ್ಚಿಕೊಂಡೆ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ನಿದ್ದೆ ಬರುವುದಿಲ್ಲ, ಯಾರಿಗಾದರೂ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಬರೆದರೆ ಯಾರೂ ಕೇಳುವವರಿಲ್ಲ.

೭ ಜುಲೈ

ಇವತ್ತು ಮಗಳು ಮಷಿನ್ನಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ಯೂನಿಫಾರಂ ಸ್ಕರ್ಟು.

"ಅಮ್ಮಾ, ಇದು ಸೊಂಟದಲ್ಲಿ ಬಿಗಿ ಆಗುತ್ತೆ. ಸ್ವಲ್ಪ ಬಿಡಿಸಿ ಕೊಡು."

"ಜೂನ್‌ನಲ್ಲಿ ತಾನೇ ಹೊಲಿದದ್ದು!"

"ಬಿಗಿ ಅಂದ್ರೆ ಬಿಗಿ. ಎರಡಿಂಚಾದ್ರೂ ಬಿಡು."

ಎರಡು ಇಂಚು! ನಾನು ಇಷ್ಟು ವರ್ಷ ಹೆಣ್ಣುಮಕ್ಕಳ ಬಟ್ಟೆ ಹೊಲಿದವಳು. ಒಂದು ತಿಂಗಳಲ್ಲಿ ಎರಡಿಂಚು ಯಾವಾಗ ಬೇಕಾಗುತ್ತದೆ ಎನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮುಖದಲ್ಲಿ ಏನೂ ತೋರಿಸಲಿಲ್ಲ. ಸೊಂಟದ ಪಟ್ಟಿ ಬಿಚ್ಚಿದೆ. ಒಳಗೆ ಅಷ್ಟು ಬಟ್ಟೆ ಉಳಿದಿರಲಿಲ್ಲ. ಹೋದ ವರ್ಷದ ಥಾನಿನ ತುಂಡೊಂದಿತ್ತು, ನೀಲಿ ಸ್ವಲ್ಪ ತಿಳಿ. ಅದನ್ನೇ ಹಿಂದುಗಡೆ ಸೇರಿಸಿ ಹೊಲಿದು ಕೊಟ್ಟೆ. ಥ್ಯಾಂಕ್ಸ್ ಎಂದಳು. ನನ್ನ ಮಗಳು ನನಗೆ ಥ್ಯಾಂಕ್ಸ್ ಹೇಳುವವಳೇ ಅಲ್ಲ.

೮ ಜುಲೈ

ಬೆಳಗ್ಗೆ ಸುಳ್ಳು ಹೇಳಿದೆ. ಹೊಸ ಚೂಡಿದಾರ ಹೊಲಿಯುತ್ತೇನೆ, ಬಾ ಇಲ್ಲಿ ಎಂದೆ. ಟೇಪು ಸುತ್ತಿದೆ. ಜೂನ್‌ನಲ್ಲಿ ಎಷ್ಟಿತ್ತೋ ಅಷ್ಟೇ. ನಂಬಿಕೆಯಾಗಲಿಲ್ಲ. ಉಸಿರು ಎಳೆದುಕೊಂಡಿದ್ದಾಳೋ ಏನೋ ಎಂದು ಇನ್ನೊಮ್ಮೆ ಸುತ್ತಿದೆ.

"ಕಚಗುಳಿ ಆಗುತ್ತಮ್ಮ!" ಎಂದು ನಕ್ಕಳು.

ನಗುವ ಹುಡುಗಿ ಉಸಿರು ಹಿಡಿಯಲಾರಳು. ಅಳತೆ ಸರಿಯೇ ಇದೆ. ಹಾಗಾದರೆ ಎರಡಿಂಚು ಯಾಕೆ? ಈಗ ಬೇಡ, ಮುಂದೆ ಬೇಕಾಗುತ್ತದೆ ಅಂತಲೇ? ದಿನವಿಡೀ ಇದೇ ಯೋಚನೆ. ಒಬ್ಬ ಗಿರಾಕಿಯ ಬ್ಲೌಸಿಗೆ ಎರಡೂ ಎಡಗೈ ತೋಳು ಕೂರಿಸಿದ್ದೇನೆ. ಬಿಚ್ಚಬೇಕು.

೧೧ ಜುಲೈ, ಶನಿವಾರ

ಇವತ್ತೂ ಚಾರ್ಟಮ್ಮ ಬಂದಿದ್ದಳು. ಇವತ್ತೂ ಬಾಗಿಲು ಮುಚ್ಚಿತ್ತು. ಇದನ್ನು ನನಗೆ ಹೇಳಿದವಳು ಕಡ್ಡಿಯ ಅಮ್ಮ. ನನ್ನ ಟೈಲರ್ ಅಂಗಡಿಗೆ ಅಂಟಿಕೊಂಡೇ ಅವಳ ಪುಸ್ತಕ-ಪೆನ್ಸಿಲ್ಲಿನ ಅಂಗಡಿ, ಇಬ್ಬರ ಮನೆಯೂ ಅಂಗಡಿಯ ಹಿಂದೆಯೇ. ಮಧ್ಯದ ಗೋಡೆ ಎಷ್ಟು ತೆಳು ಎಂದರೆ ನಾನು ಸೀನಿದರೆ ಅವಳು ಆ ಕಡೆಯಿಂದ "ನಿಧಾನ ಅಕ್ಕಾ" ಎನ್ನುತ್ತಾಳೆ. ನಮ್ಮಿಬ್ಬರ ಹೆಣ್ಣುಮಕ್ಕಳೂ ಈ ಗೋಡೆಯ ಆಚೆ ಈಚೆಯೇ ತೆವಳಿ ದೊಡ್ಡವರಾದವರು.

"ಅಕ್ಕಾ, ಮಕ್ಕಳಾಗೋದು ಹೇಗೆ, ಆಗದ ಹಾಗೆ ನೋಡ್ಕೊಳ್ಳೋದು ಹೇಗೆ, ಎಲ್ಲಾ ಹೇಳ್ತಾಳಂತೆ. ಮುಂದಿನ ವಾರ ಅದೇ ಪಾಠವಂತೆ."

"ಯಾರು ಹೇಳಿದ್ದು?"

"ಕಡ್ಡಿ ಬಾಯಿ ಬಿಡ್ಲಿಲ್ಲ. ಬೇರೆ ಮಕ್ಕಳಿಂದ ಗೊತ್ತಾಯ್ತು. ನಮ್ಮದು ಪಾಪ, ಏನೂ ಅರಿಯದ್ದು. ಇಂಥದ್ದೆಲ್ಲ ಕೇಳಿಸ್ಕೊಂಡು ಬಂದು ಮಂಕಾಗಿ ಕೂತಿರುತ್ತೆ."

ನನಗೆ ಮೈಯೆಲ್ಲ ಉರಿಯಿತು. ಬೆಂಕಿಪೊಟ್ಟಣ ಕೈಗೆ ಕೊಟ್ಟು ಹಚ್ಚುವುದು ಹೀಗೆ ಎಂದು ತೋರಿಸಿದ ಹಾಗಾಯಿತಲ್ಲ ಇದು! ಬುಧವಾರ ಹೆಡ್ ಮೇಡಂ ಹತ್ತಿರ ಹೋಗೋಣ ಎಂದೆ. ನಾಲ್ಕು ಜನ ತಾಯಂದಿರನ್ನು ಸೇರಿಸುವ ಜವಾಬ್ದಾರಿ ನನ್ನದು. ಅಳತೆಗೆ ಬರುವವರ ಕಿವಿಗೆ ಹಾಕಿದರೆ ಸಾಕು.

ಸಂಜೆ ಕಡ್ಡಿ ಅಂಗಡಿಗೆ ಬಂದಳು, ಶರ್ಟು ಬಿಗಿ ಎಂದು. ಹೊಸ ಅಳತೆ ತೆಗೆದೆ. ಹೆಸರಿಗೆ ತಕ್ಕ ಹಾಗೆ ಕಡ್ಡಿಯಂತಿದ್ದ ಹುಡುಗಿ ಸ್ವಲ್ಪ ತುಂಬಿಕೊಂಡಿದ್ದಾಳೆ. "ಅಂತೂ ಮೈ ಬಂತಲ್ಲೇ ನಿಂಗೆ! ಅಮ್ಮನ ಕೈ ಊಟ ಈಗ ಒಗ್ಗಿತು ನೋಡು" ಎಂದೆ. ಅವಳು ನಗಲಿಲ್ಲ. ಈಗಿನ ಮಕ್ಕಳಿಗೆ ದಪ್ಪ ಆದೆ ಎಂದರೆ ಕೋಪ. ನಾನು ಆ ಕಡೆ ಹೆಚ್ಚು ಗಮನ ಕೊಡಲಿಲ್ಲ, ನನ್ನ ಕಣ್ಣೆಲ್ಲ ಬಾಗಿಲಲ್ಲಿ ನಿಂತಿದ್ದ ನನ್ನ ಮಗಳ ಮೇಲೆಯೇ ಇತ್ತು. ಉಗುರು ಕಚ್ಚುತ್ತಿದ್ದಳು.

೧೩ ಜುಲೈ

ತಂತಿಯ ಮೇಲೆ ಒಂದೇ ಸ್ಕರ್ಟು ಒಣಗುತ್ತಿದೆ. ಬಿಡಿಸಿ ಕೊಟ್ಟದ್ದು ಕಾಣುತ್ತಿಲ್ಲ.

"ಇನ್ನೊಂದೆಲ್ಲಿ?"

"ಸ್ಕೂಲಲ್ಲಿದೆ. ಆಟದ ಪೀರಿಯಡ್‌ಗೆ ಬದಲಾಯಿಸ್ಕೊಂಡೆ."

ಬದಲಾಯಿಸಿಕೊಂಡೆಯಾ? ಎಲ್ಲಿ? ಯಾರ ಎದುರು? ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾಳೆ, ಸುಳ್ಳು ಕೇಳಿದರೆ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ.

೧೫ ಜುಲೈ, ಬುಧವಾರ

ಗೆದ್ದೆವು!

ಹೆಡ್ ಮೇಡಂ ಮೊದಲು ಮೇಲಿನವರ ಆದೇಶ, ಅದು ಇದು ಎಂದು ರಾಗ ಎಳೆದರು. ನಾನು ಬಿಡಲಿಲ್ಲ. "ಮೇಡಂ, ನಾನು ಈ ಶಾಲೆಯ ಹೆಣ್ಣುಮಕ್ಕಳಿಗೆಲ್ಲ ಬಟ್ಟೆ ಹೊಲಿಯೋಳು. ಅವರ ಮೈ ಮುಚ್ಚೋದು ನನ್ನ ಕೆಲಸ. ನೀವು ಚಾರ್ಟ್ ತೂಗಿ ಹಾಕಿ ತೋರಿಸ್ತಾ ಕೂತ್ರೆ ಹೇಗೆ?" ಎಂದೆ. ಬಂದಿದ್ದ ತಾಯಂದಿರೆಲ್ಲ ಹೌದು ಹೌದು ಎಂದರು. ಕಡ್ಡಿಯ ಅಮ್ಮ ಅತ್ತೇಬಿಟ್ಟಳು. ಆಗಸ್ಟ್ ಒಂದಕ್ಕೆ ಪೋಷಕರ ಸಭೆ, ಅಲ್ಲಿಯವರೆಗೆ ಪಾಠ ಬಂದ್ ಎಂದು ಹೆಡ್ ಮೇಡಂ ಹೇಳಿದರು.

ಮಗಳಿಗೆ ನಾನೇ ಹೇಳಿದೆ. ತಟ್ಟೆಯ ಮುಂದೆ ಕೂತವಳು ಹಾಗೇ ಎದ್ದು ಹೋದಳು.

"ಊಟ?"

"ಹಸಿವಿಲ್ಲ."

ಹಸಿವಿಲ್ಲ ಯಾಕೆ? ಇದನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು.

೧೭ ಜುಲೈ

ಮಾತಾಡುತ್ತಿಲ್ಲ. ಬೇಡ ಬಿಡು. ನನಗೇನು ಬಾಯಿ ತುರಿಸುತ್ತಿಲ್ಲ.

೨೧ ಜುಲೈ

ಹಿಂದೆ ಹೋದೆ. ಹೆತ್ತ ಮಗಳ ಹಿಂದೆ ಕಳ್ಳಿಯ ಹಾಗೆ ಹೋದೆ, ಬರೆಯಲಿಕ್ಕೂ ಅಸಹ್ಯ.

ಶಾಲೆ ಬಿಟ್ಟ ಮೇಲೆ ಅವಳೂ ಕಡ್ಡಿಯೂ ಮನೆಯ ದಾರಿ ಹಿಡಿಯಲಿಲ್ಲ. ಬಸ್ ನಿಲ್ದಾಣದ ಹಿಂದಿನಿಂದ ಆರೋಗ್ಯ ಕೇಂದ್ರದ ಕಡೆ ತಿರುಗಿದರು. ನಾನು ಎದುರಿನ ಕ್ಷೌರದಂಗಡಿಯ ಬೋರ್ಡಿನ ಮರೆಯಲ್ಲಿ ನಿಂತೆ. ಗೇಟಿನ ಹತ್ತಿರ ನನ್ನ ಮಗಳು ಕಡ್ಡಿಯ ಕೈ ಹಿಡಿದುಕೊಂಡಿದ್ದಳು. ಒಳಗಿನ ಬೆಂಚಿನ ಮೇಲೆ ನಮ್ಮ ಬೀದಿಯ ಇಬ್ಬರು ಹೆಂಗಸರು ಮಕ್ಕಳಿಗೆ ಚುಚ್ಚುಮದ್ದು ಹಾಕಿಸಲು ಕೂತಿದ್ದರು. ಅವರನ್ನು ನೋಡಿದ್ದೇ ಇಬ್ಬರೂ ತಿರುಗಿ ಓಡಿದರು.

ಇನ್ನೇನು ಉಳಿಯಿತು? ಜೊತೆಗೊಬ್ಬಳನ್ನು ಕರೆದುಕೊಂಡು ಹೋಗುವಷ್ಟು ಧೈರ್ಯ ಬಂದಿದೆ ಇವಳಿಗೆ. ಪಾಪದ ಕಡ್ಡಿಯನ್ನೂ ಎಳೆದುಕೊಂಡು ಹೋಗಿದ್ದಾಳೆ.

ಮನೆಗೆ ಬಂದವಳನ್ನು ಒಳಗೆ ಕರೆದು ಬಾಗಿಲು ಹಾಕಿ ಟೇಪು ತೆಗೆದೆ. ಈ ಸಲ ಸುಳ್ಳು ಹೇಳಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಕೈ ಅಗಲಿಸಿ ಅಂಗಡಿಯ ಗೊಂಬೆಯ ಹಾಗೆ ನಿಂತಳು.

ಅಷ್ಟೇ ಇತ್ತು. ಒಂದು ನೂಲು ಹೆಚ್ಚಿಲ್ಲ.

"ಮುಗೀತಾ?" ಎಂದಳು.

ಕಪಾಳಕ್ಕೆ ಹೊಡೆದೆ. ಯಾಕೆ ಹೊಡೆದೆನೋ. ಅಳತೆ ಸರಿ ಇದ್ದದ್ದಕ್ಕೆ ಹೊಡೆದ ಹಾಗಾಯಿತು.

೨೪ ಜುಲೈ, ಶುಕ್ರವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಕಡ್ಡಿ ಯೂನಿಫಾರಂನಲ್ಲೇ ಒಳಗೆ ಬಂದಳು. ಮುಖ ಬಿಳಿಚಿತ್ತು. "ಆಂಟಿ, ಸ್ವಲ್ಪ ಕೂತ್ಕೋತೀನಿ. ಅಮ್ಮಂಗೆ ಹೇಳ್ಬೇಡಿ" ಎಂದಳು. ಪರದೆಯ ಹಿಂದೆ ಬಟ್ಟೆ ಹಾಕಿ ನೋಡುವ ಜಾಗದಲ್ಲಿ ಕೂರಿಸಿ ನೀರು ತರಲು ತಿರುಗಿದೆ. ಧೊಪ್ಪೆಂದು ಬಿದ್ದ ಸದ್ದು. ಓಡಿ ಬಂದು ಉಸಿರಾಡಲಿ ಎಂದು ಸೊಂಟದ ಹುಕ್ಕು ಬಿಚ್ಚಿದೆ. ಹಿಂದಿನ ಪಟ್ಟಿಯಲ್ಲಿ ತಿಳಿ ನೀಲಿ ತುಂಡು. ನನ್ನದೇ ಹೊಲಿಗೆ.

ಆ ತುಂಡನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ, ಒಂದು ಉಸಿರೋ ಎರಡೋ. ಸ್ಕರ್ಟಿನ ಕೆಳಗೆ ರಕ್ತ ಇಳಿಯುತ್ತಿತ್ತು. ಅಷ್ಟರಲ್ಲಿ ನನ್ನ ಮಗಳು ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. ಶಾಲೆಯಲ್ಲೆಲ್ಲ ಕಡ್ಡಿಯನ್ನು ಹುಡುಕಿ ಬಂದಿದ್ದಳು.

"ಏನಾಗಿದೆ ಇವಳಿಗೆ? ನಿಜ ಹೇಳು!"

"ಮೂರು ತಿಂಗಳಾಯ್ತಮ್ಮ. ಯಾರೋ ಮಾತ್ರೆ ತಂದುಕೊಟ್ಟಿದ್ರಂತೆ, ಬೆಳಗ್ಗೆ ನುಂಗಿದಾಳೆ. ನಾನು ಬೇಡ ಅಂದೆ, ಕೇಳ್ಲಿಲ್ಲ."

"ಯಾರು? ಯಾವನು?"

"ಕಾಲೇಜಿನ ಹುಡುಗ. ಒಂದು ಸಲಕ್ಕೆ ಏನೂ ಆಗಲ್ಲ ಅಂದನಂತೆ. ಇವಳೂ ಹಾಗೇ ಅಂದ್ಕೊಂಡಿದ್ಲು. ನಾನೂ ಹಾಗೇ ಅಂದ್ಕೊಂಡಿದ್ದೆ. ನಮಗೇನಮ್ಮ ಗೊತ್ತು?" ಎಂದು ಅವಳು ಜೋರಾಗಿ ಅತ್ತಳು. "ನರ್ಸ್ ಮೇಡಂ ಹತ್ರ ಹೇಳ್ಬೇಕು ಅಂತಿದ್ಲು. ಎರಡು ಶನಿವಾರನೂ ಮೇಜಿನ ತನಕ ಹೋದ್ಲು, ಬಾಯಿ ಬರ್ಲಿಲ್ಲ. ಮೂರನೇ ಶನಿವಾರ ಖಂಡಿತ ಹೇಳ್ತೀನಿ ಅಂದ್ಲು. ಆವತ್ತು ಅವರು ಬರ್ಲೇ ಇಲ್ಲ."

ಯಾರು ಬರದ ಹಾಗೆ ಮಾಡಿದ್ದು ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಚಾರ್ಟಮ್ಮನ ನಂಬರ್ ಮಗಳ ಹತ್ತಿರ ಇತ್ತು. ಫೋನು ಮಾಡಿದವಳು ನಾನು. ನಾನು ಯಾರು ಎಂದು ಹೇಳಿದೆ. ಉಗಿದು ಫೋನ್ ಇಡುತ್ತಾಳೆ ಎಂದುಕೊಂಡೆ. "ಕಾಲು ಸ್ವಲ್ಪ ಎತ್ತರಕ್ಕಿಟ್ಟು ಮಲಗಿಸಿ. ತಿನ್ನೋಕೆ ಕುಡಿಯೋಕೆ ಏನೂ ಕೊಡ್ಬೇಡಿ. ಆಂಬುಲೆನ್ಸ್ ಕರೆಸಿ ನಾನೂ ಬರ್ತೀನಿ. ಆ ಮಾತ್ರೆ ಪಟ್ಟಿ ಸಿಕ್ಕರೆ ಎತ್ತಿಟ್ಕೊಳ್ಳಿ" ಎಂದಳು, ಅಷ್ಟೇ. ಬಂದವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಗೋಡೆಯ ಆಚೆ ಕಡ್ಡಿಯ ಅಮ್ಮ ಯಾವುದೋ ಮಗುವಿಗೆ ರಬ್ಬರು ಮಾರುತ್ತಿದ್ದಳು. ಅವಳನ್ನು ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಏನೆಂದು ಕರೆದೆನೋ, ಏನು ಹೇಳಿದೆನೋ, ಒಂದೂ ನೆನಪಿಲ್ಲ. ಅವಳು "ನನ್ನ ಮಗಳಲ್ಲ, ಸರಿಯಾಗಿ ನೋಡಿ ಅಕ್ಕಾ, ನನ್ನ ಮಗಳಲ್ಲ" ಎನ್ನುತ್ತಿದ್ದದ್ದು ಮಾತ್ರ ಕಿವಿಯಲ್ಲಿದೆ.

೨೬ ಜುಲೈ

ಬದುಕಿದಳು. ರಕ್ತ ಕೊಟ್ಟಿದ್ದಾರೆ. ಬಸಿರು ಉಳಿಯಲಿಲ್ಲ. ಇನ್ನೂ ಸ್ವಲ್ಪ ತಡವಾಗಿದ್ದರೆ ಹುಡುಗಿಯೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಎಲ್ಲರ ಎದುರೇ ಹೇಳಿದರು.

ಕಾನೂನು ಪ್ರಕಾರ ತಿಳಿಸಬೇಕಾದವರಿಗೆ ಆಸ್ಪತ್ರೆಯವರು ತಿಳಿಸುತ್ತಾರಂತೆ, ಆದರೆ ಹೆಸರು ಹೊರಗೆ ಹೋಗುವುದಿಲ್ಲವಂತೆ. ನರ್ಸ್ ಮೇಡಂ ಕಡ್ಡಿಯ ಅಮ್ಮನ ಪಕ್ಕ ಕೂತು ಇದನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದರು. ಅವರು ಹೋದ ಮೇಲೆ ಕಡ್ಡಿಯ ಅಮ್ಮ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಅವಳು ಇದೇ ಶಾಲೆಗೆ ವಾಪಸ್ ಹೋಗ್ಬೇಕು. ಯಾರಿಗೂ ಗೊತ್ತಾಗ್ಬಾರ್ದು."

ಮಾತು ಕೊಟ್ಟೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಮಗಳನ್ನು ಕೇಳಿದೆ. ಆವತ್ತು ಹೊಡೆದ ಕೆನ್ನೆಯ ಕಡೆ ನೋಡದೆ ಕೇಳಿದೆ.

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ದೆ?"

ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತು. ಗೋಡೆ ಕೇಳುವ ಹಾಗೆ ಕಿರುಚುತ್ತಿದ್ದೆ. ಆಮೇಲೆ ಇಬ್ಬರನ್ನೂ ನಿಲ್ಲಿಸಿ ಅಳೆಯುತ್ತಿದ್ದೆ.

೩೦ ಜುಲೈ

ಬೀದಿಯಲ್ಲಿ ಗುಸುಗುಸು ಶುರುವಾಗಿದೆ. ಅಂಗಡಿ ಮುಂದೆ ಆಂಬುಲೆನ್ಸ್ ನಿಂತದ್ದನ್ನು ಯಾರೋ ನೋಡಿದ್ದಾರೆ. ಸೀರೆಗೆ ಫಾಲು ಹಾಕಿಸಲು ಬಂದವಳೊಬ್ಬಳು "ನಿಮ್ಮ ಮಗಳಿಗೆ ಹುಷಾರಿಲ್ವಂತೆ?" ಎಂದಳು. ಚೆನ್ನಾಗಿದ್ದಾಳಲ್ಲ ಎಂದೆ. "ಹೌದಾ!" ಎಂದಳು. ಆ 'ಹೌದಾ' ಕೇಳಿ ಕತ್ತರಿ ಎಸೆಯಬೇಕು ಅನ್ನಿಸಿತು. ಏನು ಜನ! ಇನ್ನೊಬ್ಬರ ಮಗಳ ಮೇಲೆ ಹೀಗೆ ಅನುಮಾನ ಪಡಲಿಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

ನಮ್ಮ ಮನೆಯವರಿಗೆ ಮಾತ್ರ ಎಲ್ಲ ಹೇಳಿದೆ. "ಶನಿವಾರದ ಸಭೆಗೆ ಹೋಗ್ತೀಯಾ?" ಎಂದರು. ಗೊತ್ತಿಲ್ಲ ಎಂದೆ.

೧ ಆಗಸ್ಟ್, ಶನಿವಾರ

ಹೋದೆ.

ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮಂಡಿ ಮಡಚಿ ಕೂತಿದ್ದರು. ಎಲ್ಲರೂ ನನ್ನನ್ನೇ ಮುಂದೆ ಕೂರಿಸಿದರು, ಹೋದ ಸಲ ಮಾತಾಡಿ ಗೆದ್ದವಳಲ್ಲವೇ. ಒಬ್ಬ ತಂದೆ ಎದ್ದು, ಪಾಠ ಶಾಶ್ವತವಾಗಿ ನಿಲ್ಲಿಸಿ, ಆಗಲೇ ಯಾರ ಮನೆಯಲ್ಲೋ ಏನೋ ನಡೆದಿದೆ ಅಂತ ಸುದ್ದಿ, ಇದೆಲ್ಲ ಆ ನರ್ಸು ಕಲಿಸಿದ್ದರ ಫಲ ಎಂದು ಕೂಗಿದ. ಕಡ್ಡಿಯ ಅಮ್ಮ ಕೊನೆಯ ಬೆಂಚಿನಲ್ಲಿ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. ನರ್ಸ್ ಮೇಡಂ ಗೋಡೆಗೆ ಒರಗಿ ನಿಂತಿದ್ದರು. ಅವರಿಗೆ ಎಲ್ಲ ಗೊತ್ತು. ಬಾಯಿ ಬಿಡುವ ಹಾಗಿಲ್ಲ.

"ಹೇಳಿ, ನೀವು ಏನಂತೀರಿ?" ಎಂದು ಹೆಡ್ ಮೇಡಂ ನನ್ನ ಕಡೆ ತಿರುಗಿದರು.

ಎದ್ದು ನಿಂತೆ. "ಪಾಠ ಶುರು ಮಾಡಿ ಮೇಡಂ. ಬಿಟ್ಟು ಹೋದದ್ದು ಸೇರಿಸಿ ಮಾಡಿ. ಬಾಗಿಲು ಹಾಕ್ಕೊಂಡೇ ಮಾಡಿ, ಮಕ್ಕಳು ನಾಚಿಕೆ ಬಿಟ್ಟು ಕೇಳ್ಲಿ."

ಕೋಣೆಯಲ್ಲಿ ಗಲಾಟೆ ಎದ್ದಿತು. "ಏನ್ರೀ ಇದು? ಹದಿನೈದು ದಿನದ ಕೆಳಗೆ ನೀವೇ ತಾನೇ ನಿಲ್ಲಿಸಿದ್ದು?"

"ಹೌದು, ನಾನೇ ನಿಲ್ಲಿಸಿದ್ದು. ನಿಲ್ಲಿಸಬಾರದಿತ್ತು."

"ಯಾಕೆ? ಏನಾಯ್ತು ಅಂಥದ್ದು?" ಆ ತಂದೆ ನಕ್ಕ. "ನಿಮ್ಮ ಮನೇಲಿ ಏನಾದ್ರೂ ಆಯ್ತಾ?"

ಎಲ್ಲರ ಕಣ್ಣೂ ನನ್ನ ಮೇಲೆ. ಹಿಂದೆ ಸೆರಗು ಸುತ್ತುವ ಕೈ ನಿಂತುಹೋಗಿತ್ತು. ಇಲ್ಲ ಎಂದರೆ, ಹಾಗಾದರೆ ಯಾರ ಮನೆಯಲ್ಲಿ ಎನ್ನುತ್ತಾರೆ. ನನ್ನ ಅಂಗಡಿಯ ಪಕ್ಕದಲ್ಲಿ ಇರುವುದು ಒಂದೇ ಮನೆ.

"ಆಯ್ತು ಅಂತಲೇ ಇಟ್ಕೊಳ್ಳಿ" ಎಂದೆ. "ಈಗಲಾದ್ರೂ ಪಾಠ ಶುರು ಮಾಡಿ."

ಮುಂದಿನ ಶನಿವಾರದಿಂದ ಶುರು ಎಂದು ಹೆಡ್ ಮೇಡಂ ಹೇಳಿದರು. ಹೊರಗೆ ಬರುವಾಗ ಹೆಂಗಸರು ನನಗೆ ದಾರಿ ಬಿಟ್ಟರು, ತಾಗಬಾರದು ಎನ್ನುವವರ ಹಾಗೆ.

೩ ಆಗಸ್ಟ್

ಎರಡು ಬ್ಲೌಸ್ ಪೀಸು ವಾಪಸ್ ತೆಗೆದುಕೊಂಡು ಹೋದರು. ಹೋಗಲಿ. ಬಂದವರೂ ನನ್ನ ಜೊತೆ ಮಾತಾಡುತ್ತ ಒಳಗೆ ಓದುತ್ತ ಕೂತ ನನ್ನ ಮಗಳ ಸೊಂಟದ ಕಡೆ ಕಣ್ಣು ಹಾಯಿಸುತ್ತಾರೆ. ನಾನು ಮಧ್ಯೆ ಎದ್ದು ಪರದೆ ಎಳೆದೆ.

ಕಡ್ಡಿ ಮನೆಗೆ ಬಂದಿದ್ದಾಳೆ. ಗೋಡೆಯ ಆಚೆಯಿಂದ ಅವಳ ಅಮ್ಮ ಏನೋ ಹೇಳಿದ್ದಕ್ಕೆ ಹೂಂ ಎಂದದ್ದು ಕೇಳಿಸಿತು.

ಮಗಳಿಗೆ ಸಭೆಯ ವಿಷಯ ನಾನು ಹೇಳಿರಲಿಲ್ಲ. ಹೇಗೆ ಹೇಳಬೇಕೋ ತಿಳಿಯಲಿಲ್ಲ. ಇವತ್ತು ಶಾಲೆಯಿಂದ ಬಂದವಳು ಬ್ಯಾಗು ಇಟ್ಟು ನೇರವಾಗಿ ನನ್ನ ಮುಂದೆ ಕೂತಳು. ಕ್ಲಾಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲವಂತೆ.

"ನನ್ನ ಹೆಸರು ಹೇಳಿದ್ಯಾ?"

"ಹೆಸರು ಹೇಳ್ಲಿಲ್ಲ. ಇಲ್ಲ ಅಂತಾನೂ ಹೇಳ್ಲಿಲ್ಲ."

"ಅವಳಿಗೋಸ್ಕರಾನಾ?"

"ಹೂಂ."

ಹೊಡೆಯುತ್ತಾಳೆ ಎನ್ನುವ ಹಾಗೆ ಕೂತಿದ್ದೆ ನಾನು. ಅವಳು ಮಷಿನ್ನಿನ ಮೇಲಿದ್ದ ಟೇಪನ್ನು ಸುತ್ತಿ ಪಕ್ಕಕ್ಕಿಟ್ಟಳು.

"ನೀನು ನನ್ನನ್ನ ಒಂದು ಮಾತು ಕೇಳ್ಬೇಕಿತ್ತಮ್ಮ."

"ಕೇಳಿದ್ರೆ ಬೇಡ ಅಂತಿದ್ದೆಯಾ?"

"ಇಲ್ಲ, ಸರಿ ಅಂತಲೇ ಅಂತಿದ್ದೆ" ಎಂದಳು. "ಆದ್ರೂ ಕೇಳ್ಬೇಕಿತ್ತು."